ಮಿಸ್ ಪುಸ್ತಕ ಮುಚ್ಚಿದ ದಿನ

ನಾನು ಪುಕ್ಕಲು ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮನೆಗೆ ಬೀಗ ಹಾಕಿಕೊಂಡು ಬಸ್‌ಸ್ಟಾಪಿನವರೆಗೆ ಹೋದವಳು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸ್ ಓಡಿಬರುತ್ತೇನೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎದೆ ಧಸಕ್ಕೆನ್ನುತ್ತದೆ. ನಮ್ಮ ಯಜಮಾನರು ಇದನ್ನೆಲ್ಲ ನೆಂಟರಿಷ್ಟರ ಮುಂದೆ ಬಣ್ಣ ಕಟ್ಟಿ ಹೇಳಿ ನಗಿಸುತ್ತಾರೆ. ನಗಲಿ ಪಾಪ, ಅವರಿಗೂ ಬೇರೆ ಮನರಂಜನೆ ಏನಿದೆ. ಆದರೆ ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ ನನಗಿಂತ ಹೆಚ್ಚು ಹೆದರುವ ಜೀವ ಇನ್ನೊಂದಿತ್ತು, ಅದು ಎದುರು ಮನೆಯ ಮಿಸ್ ಎಂದರೆ ಈಗಲೂ ಯಾರೂ ನಂಬುವುದಿಲ್ಲ. ಹೋದ ತಿಂಗಳು ಅವರು ತೀರಿಕೊಂಡಾಗ ಬಂದವರೆಲ್ಲ ಆಡಿದ್ದು ಒಂದೇ ಮಾತು, ಎಂಥಾ ಧೈರ್ಯದ ಹೆಂಗಸು ಎಂದು. ನಾನು ಸುಮ್ಮನೆ ತಲೆಯಾಡಿಸಿದೆ.

ಅವರಿಗೆ ಒಂದು ಹೆಸರು ಇತ್ತು, ಒಳ್ಳೆಯ ಹೆಸರೇ. ಆದರೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾಗಿದ್ದ ಅವರನ್ನು ಇಡೀ ರಸ್ತೆ ಮಿಸ್ ಎಂದೇ ಕರೆಯುತ್ತಿತ್ತು. ಈಗ ನಾನು ಹೆಸರು ಹಿಡಿದು ಬರೆದರೆ ಅವರು ಬೇರೆ ಯಾರೋ ಆಗಿಬಿಡುತ್ತಾರೆ. ಮದುವೆಯಾಗಿರಲಿಲ್ಲ. ನೆಟ್ಟಗಿನ ತೆಳ್ಳನೆಯ ದೇಹ, ಗಂಜಿ ಹಾಕಿದ ಕಾಟನ್ ಸೀರೆ, ಹಣೆಯಲ್ಲಿ ಒಂದೆಳೆ ವಿಭೂತಿ, ಮುಂಗೈಯ ಒಳಮಗ್ಗುಲಿಗೆ ಕಟ್ಟಿದ ವಾಚು. ಫುಟ್‌ಪಾತಿನ ಮೇಲೆ ಸ್ಕೂಟರ್ ಹತ್ತಿಸಿದವನನ್ನು ನಿಲ್ಲಿಸಿ, ಕೆಳಗಿಳಿಸಿ, ರಸ್ತೆಯವರೆಗೆ ತಳ್ಳಿಕೊಂಡು ಹೋಗುವಂತೆ ಮಾಡುತ್ತಿದ್ದರು. ಅವನು ಜಗಳಕ್ಕೆಂದು ತಿರುಗಿದರೆ ಎಷ್ಟೋ ಸಲ ಅವರ ಹಳೆಯ ವಿದ್ಯಾರ್ಥಿಯೇ ಆಗಿರುತ್ತಿದ್ದ. ಅಲ್ಲಿಗೆ ಜಗಳ ಮುಗಿದು ನಮಸ್ಕಾರ ಶುರುವಾಗುತ್ತಿತ್ತು.

ನಮ್ಮ ಯಜಮಾನರದ್ದು ಸುಲ್ತಾನ್‌ಪೇಟೆಯಲ್ಲಿ ಮದುವೆ ಕಾರ್ಡಿನ ಅಂಗಡಿ. ಇಂಗ್ಲಿಷ್ ಕಾರ್ಡುಗಳ ಪ್ರೂಫನ್ನು ಮಿಸ್ ನೋಡಿಕೊಡುತ್ತಿದ್ದರು. ತಪ್ಪು ತಿದ್ದಿ ಸುಮ್ಮನಿದ್ದರೆ ಚೆನ್ನಾಗಿತ್ತು. ವರನ ಹೆಸರಿನ ಪಕ್ಕ ಡಿಗ್ರಿಗಳ ಮೆರವಣಿಗೆಯೇ ಇದ್ದು ವಧುವಿನ ಹೆಸರಿನ ಪಕ್ಕ ಖಾಲಿ ಇದ್ದರೆ, ಈ ಹುಡುಗಿ ಏನೂ ಓದಿಲ್ಲವೇ, ವಿಚಾರಿಸಿ ಎಂದು ಕೆಂಪು ಶಾಯಿಯಲ್ಲಿ ಬರೆದು ಕಳಿಸುತ್ತಿದ್ದರು. ಅದನ್ನು ಕಾರ್ಡು ಮಾಡಿಸುವ ಪಾರ್ಟಿಯವರಿಗೆ ತೋರಿಸಲಾಗದೆ, ಮಿಸ್‌ಗೆ ಇಲ್ಲವೆನ್ನಲೂ ಆಗದೆ ಯಜಮಾನರು ಬೆವರುತ್ತಿದ್ದರು.

ಇಷ್ಟು ಜೋರಿನ ಹೆಂಗಸು ನಮ್ಮ ಮನೆಗೆ ಹಬ್ಬದೂಟಕ್ಕೆ ಬಂದರೆ ಮಾತ್ರ ಬೇರೆಯೇ ಆಗಿಬಿಡುತ್ತಿದ್ದರು. ಎಡಗೈಯನ್ನು ತಟ್ಟೆಯ ಸುತ್ತ ಬಳಸಿ ಇಟ್ಟುಕೊಂಡು, ತಲೆ ಬಗ್ಗಿಸಿ, ಬೇಗಬೇಗ ಉಣ್ಣುತ್ತಿದ್ದರು. ಯಾರೋ ಕಿತ್ತುಕೊಂಡು ಹೋಗುತ್ತಾರೆ ಎನ್ನುವ ಹಾಗೆ. ಇನ್ನೊಂದು ಹೋಳಿಗೆ ಹಾಕಲೇ ಎಂದರೆ ತಕ್ಷಣ ಹೂಂ ಎನ್ನುತ್ತಿರಲಿಲ್ಲ. ಒಮ್ಮೆ ಆಚೀಚೆ ನೋಡಿ, ಆಮೇಲೆ ತಲೆಯಾಡಿಸುತ್ತಿದ್ದರು. ಯಾವತ್ತೂ ಬಾಗಿಲು ಕಾಣುವ ಹಾಗೇ ಕೂರುತ್ತಿದ್ದರು. ಅವರ ಮನೆಯ ಹಜಾರದಲ್ಲಿ, ಬಾಗಿಲಿನ ಪಕ್ಕದಲ್ಲೇ, ಒಂದು ಪುಟ್ಟ ಕಬ್ಬಿಣದ ಟ್ರಂಕು ಇತ್ತು. ಹಬ್ಬಕ್ಕೆ ಮನೆ ತೊಳೆಸುವಾಗಲೂ ಅದನ್ನು ಅಲ್ಲಿಂದ ಕದಲಿಸಲು ಬಿಡುತ್ತಿರಲಿಲ್ಲ. ಕೆಲಸದ ನಿಂಗಮ್ಮ ಅದರಲ್ಲಿ ಒಡವೆ ಇದೆ ಎಂದುಕೊಂಡಿದ್ದಳು, ನಾನೂ ಹಾಗೇ ಅಂದುಕೊಂಡಿದ್ದೆ.

ಕೊರೊನಾದ ಎರಡನೇ ಅಲೆಯಲ್ಲಿ ನನ್ನ ತಂಗಿಯೂ ಅವಳ ಗಂಡನೂ ಒಬ್ಬರ ಹಿಂದೆ ಒಬ್ಬರು ಹೊರಟುಹೋದರು. ಅವರ ಒಬ್ಬಳೇ ಮಗಳು ಇಂಚರಾಳನ್ನು ನಾವು ಕರೆದುಕೊಂಡು ಬಂದೆವು. ನಮಗೆ ಮಕ್ಕಳಿಲ್ಲ. ಹಾಗೆಂದು ಮಗುವನ್ನು ಸಾಕುವುದು ಗೊತ್ತಿತ್ತು ಎಂದೇನಲ್ಲ. ಅವಳು ಅಳುತ್ತಿರಲಿಲ್ಲ, ಮಾತಾಡುತ್ತಲೂ ಇರಲಿಲ್ಲ. ಕೊಟ್ಟದ್ದನ್ನು ತಿಂದು ಲೋಟ ತೊಳೆದಿಡುತ್ತಿದ್ದಳು. ಮೂರನೇ ಕ್ಲಾಸಿನ ಮಗು ತಾನಾಗಿ ಲೋಟ ತೊಳೆದಿಡುವುದನ್ನು ನೋಡಿದರೆ ನನಗೆ ಕೈಕಾಲು ತಣ್ಣಗಾಗುತ್ತಿತ್ತು. ಡಾಕ್ಟರು ಸ್ವಲ್ಪ ದಿನ ಬಿಡಿ ಎಂದರು. ಯಜಮಾನರು ಬೊಂಬೆ ತಂದರು, ರಾಜಕುಮಾರಿ ಕಥೆಗಳ ಬಣ್ಣದ ಪುಸ್ತಕ ತಂದರು. ಅವು ಹಾಗೇ ಕಪಾಟಿನಲ್ಲಿ ಉಳಿದವು.

ಒಂದು ಸಂಜೆ ಮಿಸ್ ರಸ್ತೆ ದಾಟಿ ಬಂದರು. ಕೈಯಲ್ಲಿ ಒಂದು ದಪ್ಪ ಪುಸ್ತಕ. ನೂರು ವರ್ಷಕ್ಕೂ ಹಿಂದಿನ ಲಂಡನ್ನಿನ ಕಾದಂಬರಿ. ಅವರು ಸ್ಕೂಲಿನಲ್ಲಿ ಅದರದ್ದೇ ಸಂಕ್ಷಿಪ್ತ ರೂಪವನ್ನು ವರ್ಷಗಟ್ಟಲೆ ಪಾಠ ಮಾಡಿದ್ದರು. ರಟ್ಟು ಕಿತ್ತುಹೋಗಿದ್ದಕ್ಕೆ ಯಜಮಾನರೇ ಹಿಂದೊಮ್ಮೆ ಅಂಗಡಿಯಲ್ಲಿ ಉಳಿದ ಕೆಂಪು ಕಾರ್ಡಿನ ಕಾಗದ ಹಾಕಿ ಬೈಂಡ್ ಮಾಡಿಸಿ ಕೊಟ್ಟಿದ್ದರು. ಹಾಗಾಗಿ ಲಂಡನ್ನಿನ ಕಳ್ಳಕಾಕರ ಕಥೆಯ ಮೇಲೆ ಬಂಗಾರದ ಬಣ್ಣದ ಗಣಪತಿ ಕೂತಿದ್ದ. ಒಳಗೆ ಏನಿದೆ ಎಂದು ಕೇಳಿದೆ. ಹುಟ್ಟುತ್ತಲೇ ತಾಯಿಯನ್ನು ಕಳೆದುಕೊಂಡ ಹುಡುಗ, ಬಡವರನ್ನು ಕೂಡಿಹಾಕಿ ನೀರು ಗಂಜಿ ಕೊಡುವ ಒಂದು ಮನೆ, ಅಲ್ಲಿಂದ ಓಡಿಹೋದರೆ ಕಳ್ಳರ ಗುಂಪು ಎಂದು ಹೇಳಿದರು. ಇಂಥ ಮಗುವಿಗೆ ಇದು ಬೇಡ ಮಿಸ್, ಏನಾದರೂ ಸಂತೋಷದ್ದು ಓದಿ ಎಂದು ಬೇಡಿಕೊಂಡೆ.

"ಸಂತೋಷದ್ದು ಓದಿದ್ರೆ ಅವಳು ಇನ್ನೂ ಒಂಟಿ ಆಗ್ತಾಳೆ ಗಿರಿಜಾ," ಎಂದರು. "ತನ್ನಂಥೋನು ಇನ್ನೊಬ್ಬ ಇದಾನೆ ಅಂತ ಗೊತ್ತಾಗ್ಲಿ."

ಹಾಗೆ ಶುರುವಾಯಿತು. ಸಂಜೆ ಐದಕ್ಕೆ ಮಿಸ್ ಬಂದು ಬಾಗಿಲಿಗೆ ಎದುರಾಗಿರುವ ಕುರ್ಚಿಯಲ್ಲಿ ಕೂರುವುದು, ಇಂಗ್ಲಿಷಿನಲ್ಲಿ ಎರಡು ಸಾಲು ಓದುವುದು, ಕನ್ನಡದಲ್ಲಿ ಹೇಳುವುದು. ಇಂಚರಾ ಗೋಡೆಗೆ ಒರಗಿ ಕೂರುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಅವರೆಕಾಳು ಹಿತುಕುತ್ತಾ ಕಿವಿಯನ್ನು ಹಜಾರದಲ್ಲೇ ಇಟ್ಟಿರುತ್ತಿದ್ದೆ. ಕತ್ತಲ ಓಣಿಗಳು, ಹರಿದ ಬಟ್ಟೆಯ ಮಕ್ಕಳು, ನಗುನಗುತ್ತಾ ಮಾತಾಡಿಸಿ ಕದಿಯುವುದನ್ನು ಕಲಿಸುವ ಮುದುಕ. ನನಗೆ ಅವನ ಸಿಟ್ಟಿಗಿಂತ ಅವನ ನಗುವೇ ಹೆಚ್ಚು ಭಯ ಹುಟ್ಟಿಸುತ್ತಿತ್ತು. ಮಗು ಅತ್ತುಬಿಟ್ಟರೆ ಎಂದು ನಾನು ಕಾಯುತ್ತಿದ್ದೆ. ಅವಳು ಅಳಲಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಬಾಯಿ ಬಿಟ್ಟಳು.

"ಅವನ ಬಟ್ಟೆ ಯಾರು ಒಗೀತಾರೆ?"

ಮಿಸ್ ಪುಸ್ತಕದಿಂದ ತಲೆ ಎತ್ತಿದರು. ಅವನೇ ಒಗೆದುಕೊಳ್ಳುತ್ತಾನೆ, ಇನ್ಮೇಲೆ ಯಾರಾದರೂ ಒಗೆಯಲು ಸಿಗುತ್ತಾರಾ ನೋಡೋಣ ಎಂದು ಹೇಳಿ ಮುಂದೆ ಓದಿದರು. ನಾನು ಆಮೇಲೆ ಬಚ್ಚಲಿಗೆ ಹೋಗಿ ನೋಡಿದರೆ ಬಕೆಟ್ಟಿನ ಹಿಂದೆ ಇಂಚರಾಳ ಒಳಬಟ್ಟೆಗಳು ಹಿಂಡಿಟ್ಟ ಹಾಗೇ ಇದ್ದವು. ನಮಗೆ ಹೊರೆಯಾಗಬಾರದು ಎಂದು ಆ ಮಗು ಅಷ್ಟು ದಿನದಿಂದ ತಾನೇ ಒಗೆದು ಅಲ್ಲೇ ಒಣಗಿಸಿಕೊಳ್ಳುತ್ತಿತ್ತು. ಅಲ್ಲೇ ಬಾಗಿಲು ಹಾಕಿಕೊಂಡು ಅತ್ತೆ. ಅಂದಿನಿಂದ ಮಿಸ್ ಏನು ಓದಿದರೂ ನಾನು ಎದುರಾಡಲಿಲ್ಲ.

ಮಿಸ್‌ಗೆ ಓದುವುದರಲ್ಲಿ ಒಂದು ಕಟ್ಟುನಿಟ್ಟಿತ್ತು. ಮಠಗಳಲ್ಲಿ ಶ್ರಾವಣದ ತಿಂಗಳು ಪೂರ್ತಿ ಪುರಾಣ ಓದುತ್ತಾರಲ್ಲ, ಅಲ್ಲಿ ಕಥೆಯ ಭಕ್ತ ಕಷ್ಟದಲ್ಲಿರುವಾಗ ಆ ದಿನದ ಓದನ್ನು ನಿಲ್ಲಿಸುವುದಿಲ್ಲ. ಅವನಿಗೆ ಒಂದು ಒಳ್ಳೆಯದಾಗುವ ತನಕ ಓದಿ, ಆಮೇಲೆ ಪುಸ್ತಕ ಕಟ್ಟುತ್ತಾರೆ. ಮಿಸ್ ಈ ಲಂಡನ್ ಪುಸ್ತಕಕ್ಕೂ ಅದೇ ಪದ್ಧತಿ ಇಟ್ಟುಕೊಂಡಿದ್ದರು. ಜಾತಕ, ಶಕುನ, ದೃಷ್ಟಿ ಯಾವುದನ್ನೂ ನಂಬದವರು ಇದೊಂದನ್ನು ಮಾತ್ರ ಬಿಟ್ಟುಕೊಡುತ್ತಿರಲಿಲ್ಲ. ನಾನು ಕೇಳಿದ್ದಕ್ಕೆ, "ಕಷ್ಟದಲ್ಲಿರೋರನ್ನ ಅಲ್ಲೇ ಬಿಟ್ಟು ಪುಸ್ತಕ ಮುಚ್ಚಿದ್ರೆ, ನಾವು ಮತ್ತೆ ತೆಗೆಯೋವರ್ಗೂ ಅವರು ಅಲ್ಲೇ ಇರ್ಬೇಕಲ್ಲ," ಎಂದರು. ಆ ಮಾತನ್ನು ಅವರು ತಮಾಷೆಗೆ ಹೇಳಲಿಲ್ಲ.

ಇದನ್ನು ಬರೆದ ಲಂಡನ್ನಿನವನಿಗೆ ನಮ್ಮ ಪುರಾಣದ ಪದ್ಧತಿ ಎಲ್ಲಿ ಗೊತ್ತಿರಬೇಕು. ಅಧ್ಯಾಯ ಮುಗಿಯುವುದೇ ಹುಡುಗನ ಕುತ್ತಿಗೆಗೆ ಬರುವಲ್ಲಿ. ಹಾಗಾಗಿ ಮಿಸ್ ಮುಂದಿನ ಅಧ್ಯಾಯದೊಳಕ್ಕೆ ಹೋಗಿ, ಅವನಿಗೆ ಒಂದು ತುಂಡು ರೊಟ್ಟಿ ಸಿಕ್ಕಿತೋ, ಬೆಚ್ಚಗೆ ಮಲಗಲು ಒಂದು ಮೂಲೆ ಸಿಕ್ಕಿತೋ, ಅಲ್ಲಿ ಗುರುತು ಇಟ್ಟು ಮುಚ್ಚುತ್ತಿದ್ದರು. ಕೆಲವು ಸಂಜೆ ಅಂಥ ಜಾಗ ಬೇಗ ಬರುತ್ತಲೇ ಇರಲಿಲ್ಲ. ನನ್ನ ಹುಳಿ ಸೀಯುತ್ತಿತ್ತು, ಯಜಮಾನರು ಅಂಗಡಿ ಮುಚ್ಚಿಕೊಂಡು ಬಂದು ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತು ಕೇಳುತ್ತಿದ್ದರು. ಮುಂದೆ ಎಷ್ಟೋ ದಿನದ ಮೇಲೆ, ಕಳ್ಳರ ಗುಂಪಿನ ಹೆಂಗಸೊಬ್ಬಳ ವಿಷಯ ಬಂದಾಗ ಮಿಸ್ ಹಲವು ಹಾಳೆಗಳನ್ನು ಒಟ್ಟಿಗೆ ತಿರುಗಿಸಿದರು. ಆಮೇಲೆ ನನ್ನ ಹತ್ತಿರ ಬಂದು, ಅದು ದೊಡ್ಡವರಿಗೆ ಎಂದಷ್ಟೇ ಹೇಳಿದರು. ಅವರ ಮುಖ ನೋಡಿ ಏನೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಅಷ್ಟರಲ್ಲಿ ಇಂಚರಾಳ ಚಿಕ್ಕಪ್ಪ ಬರಲು ಶುರು ಮಾಡಿದ. ಅವಳ ಅಪ್ಪನ ತಮ್ಮ, ವೈಯಾಲಿಕಾವಲ್‌ನಲ್ಲಿ ಮನೆ. ಅಣ್ಣ ತೀರಿಕೊಂಡಾಗ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಲೂ ಬರದವನು, ಈಗ ಸ್ವೀಟ್ ಬಾಕ್ಸ್ ಹಿಡಿದು ಬಂದು ಸೋಫಾದಲ್ಲಿ ಆರಾಮಾಗಿ ಕೂರುತ್ತಿದ್ದ. ಯಾವ ಕ್ಲಾಸು ಪುಟ್ಟಿ, ಚಿಕ್ಕಪ್ಪನ ಮನೆಗೆ ಯಾವಾಗ ಬರ್ತೀಯಾ ಎಂದು ನಗುತ್ತಾ ಕೇಳುತ್ತಿದ್ದ. ಅಣ್ಣ ಊರಾಚೆ ಕಟ್ಟಿಸಿದ್ದ ಮನೆ ಈಗ ಮಗುವಿಗೆ ಸೇರಿದ್ದು. ಮಗು ಯಾರ ಹತ್ತಿರವೋ ಮನೆಯೂ ಅವರ ಹತ್ತಿರವೇ ಎಂದು ಅವನಿಗೆ ಯಾರೋ ಹೇಳಿಕೊಟ್ಟಿದ್ದರು. ಇದು ನಮಗೆ ಆಮೇಲೆ ಗೊತ್ತಾಯಿತು. ಆಗ ನನಗೆ ಗೊತ್ತಿದ್ದದ್ದು ಅವನ ನಗುವಷ್ಟೇ. ಅವನ ಬೈಕಿನ ಡಬಡಬ ಸದ್ದು ರಸ್ತೆ ತುದಿಯಲ್ಲಿ ಕೇಳಿದರೆ ಇಂಚರಾ ಎದ್ದು ದೇವರ ಮನೆಗೆ ಹೋಗಿ ನಿಲ್ಲುತ್ತಿದ್ದಳು. ಒಂದು ಮಧ್ಯಾಹ್ನ ಅವಳನ್ನು ಸ್ಕೂಲಿಂದ ಕರೆತರಲು ಹೋದಾಗ ಅವನು ಗೇಟಿನ ಎದುರಿನ ಟೀ ಅಂಗಡಿಯಲ್ಲಿ ನಿಂತಿದ್ದ. ನನ್ನನ್ನು ನೋಡಿ ಕೈ ಬೀಸಿದ. ಆ ದಿನದಿಂದ ನಾನು ಸ್ಕೂಲು ಬಿಡುವ ಹೊತ್ತಿಗೆ ಬಹಳ ಮುಂಚೆಯೇ ಹೋಗಿ ಗೇಟಿಗೆ ಅಂಟಿಕೊಂಡು ನಿಲ್ಲುತ್ತಿದ್ದೆ.

ಅವನು ಕರೆದುಕೊಂಡು ಹೋದದ್ದು ಮಾತ್ರ ಸ್ಕೂಲಿಂದಲ್ಲ, ನಮ್ಮ ಮನೆಯಿಂದಲೇ, ನಮ್ಮ ಕಣ್ಣೆದುರೇ. ಓದು ನಡೆದಿತ್ತು. ಕಥೆಯ ಹುಡುಗನನ್ನು ಕಳ್ಳರು ಒಂದು ಮನೆಗೆ ಕನ್ನ ಹಾಕಲು ಕರೆದುಕೊಂಡು ಹೊರಟಿದ್ದರು. ಚಿಕ್ಕಪ್ಪ ಒಳಗೆ ಬಂದವನೇ ಹೆಲ್ಮೆಟ್ ಕೂಡ ಇಳಿಸದೆ, ಅಮ್ಮನಿಗೆ ಹುಷಾರಿಲ್ಲ, ಮೊಮ್ಮಗಳನ್ನು ನೋಡಬೇಕು ಅಂತಿದ್ದಾರೆ, ಎರಡು ದಿನ ಇಟ್ಟುಕೊಂಡು ಕಳಿಸುತ್ತೇನೆ ಎಂದ. ಹುಷಾರಿಲ್ಲದ ಅಜ್ಜಿ ಎಂದ ಮೇಲೆ ಬೇಡ ಎನ್ನುವುದು ಹೇಗೆ. ಯಜಮಾನರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ, ಅಷ್ಟರಲ್ಲಿ ಹೂಂ ಎಂದಾಗಿಹೋಗಿತ್ತು. ಮಿಸ್ ಮಾತ್ರ, ಐದು ನಿಮಿಷ ಕೂತುಕೊಳ್ಳಿ, ಇದೊಂದು ಭಾಗ ಮುಗಿಸಿಬಿಡುತ್ತೇನೆ ಎಂದರು.

"ಕಥೆ ತಾನೇ ಮಿಸ್," ಎಂದು ಅವನು ನಕ್ಕ. "ನಾಳೆ ಓದಿದ್ರಾಯ್ತು ಬಿಡಿ."

ಮಿಸ್ ಪುಸ್ತಕ ಮುಚ್ಚಲೇಬೇಕಾಯಿತು. ಇಂಚರಾ ಬೈಕಿನ ಹಿಂದೆ ಕೂತು, ಹಿಡಿದುಕೊಳ್ಳಲು ಏನೂ ಸಿಗದೆ, ತನ್ನ ಫ್ರಾಕನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬೈಕು ತಿರುವಿನಲ್ಲಿ ಮರೆಯಾದ ಮೇಲೂ ಮಿಸ್ ನಮ್ಮ ಗೇಟಿನಲ್ಲಿ ನಿಂತೇ ಇದ್ದರು.

ಎರಡು ದಿನ ಕಳೆಯಿತು, ಮಗು ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಮತ್ತೆ ಎರಡು ದಿನ ಬಿಟ್ಟು ಅವನೇ ಮಾಡಿದ. ಮಗು ಇಲ್ಲೇ ಇರಲಿ, ಇಲ್ಲೇ ಹತ್ತಿರದ ಸ್ಕೂಲಿಗೆ ಹಾಕುತ್ತೇವೆ, ತಂದೆ ಕಡೆಯ ರಕ್ತ, ನಮ್ಮಲ್ಲೇ ಬೆಳೆಯಬೇಕು ಎಂದ. ಮಗುವಿನ ಜೊತೆ ಮಾತಾಡಬೇಕು ಎಂದೆ. ಮಲಗಿದ್ದಾಳೆ ಎಂದ. ಸಂಜೆ ಐದು ಗಂಟೆಗೆ ಯಾವ ಮಗು ಮಲಗಿರುತ್ತದೆ? ಯಜಮಾನರು ಅಂಗಡಿಯಿಂದ ಬಂದು ಶರ್ಟನ್ನೂ ತೆಗೆಯದೆ ಕೂತುಬಿಟ್ಟರು. ಅವರದ್ದೂ ಹೆದರಿಕೆಯ ಸ್ವಭಾವವೇ, ನನ್ನನ್ನು ನೋಡಿ ನಗುವುದರಲ್ಲಿ ಅದನ್ನು ಮುಚ್ಚಿಕೊಂಡಿದ್ದರು ಅಷ್ಟೇ. ಪೊಲೀಸರ ಹತ್ತಿರ ಹೋದರೆ ಸ್ವಂತ ಚಿಕ್ಕಪ್ಪ, ಸ್ವಂತ ಅಜ್ಜಿ ಎನ್ನುತ್ತಾರೆ, ನಾವು ಏನೆಂದು ದೂರು ಕೊಡುವುದು ಎಂದರು. ಆ ಹುಡುಗಿಯ ಸ್ಕೂಲ್ ಬ್ಯಾಗು ಗೋಡೆಗೆ ಒರಗಿಕೊಂಡು ಇತ್ತು, ಅದನ್ನು ನೋಡದೆ ಹಜಾರದಲ್ಲಿ ಓಡಾಡುವುದು ಕಲಿತೆ.

ಮಿಸ್ ಮಾತ್ರ ದಿನವೂ ಐದಕ್ಕೆ ಬಂದರು. ಅದೇ ಕುರ್ಚಿಯಲ್ಲಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು, ತೆಗೆಯುತ್ತಿರಲಿಲ್ಲ. ಒಂದು ಸಂಜೆ ಕಾಫಿ ಕೊಡಲು ಹೋದಾಗ, ಅವತ್ತು ನಾನು ಮುಚ್ಚಬಾರದಿತ್ತು ಗಿರಿಜಾ ಎಂದರು. ಅದು ಬರೀ ಪುಸ್ತಕ ಮಿಸ್ ಎಂದು ನಾನು ಸಮಾಧಾನ ಹೇಳಿದೆ. ಬರೀ ಪುಸ್ತಕವೇ ಎಂದು ಅವರೂ ಒಪ್ಪಿಕೊಂಡರು. ಕಾಫಿ ಲೋಟ ಮಾತ್ರ ಅವರ ಕೈಯಲ್ಲಿ ಅಲುಗುತ್ತಿತ್ತು. ಅಷ್ಟು ವರ್ಷದಲ್ಲಿ ಅವರ ಕೈ ಅಲುಗಿದ್ದನ್ನು ಮೊದಲ ಸಲ ನೋಡಿದ್ದು ಅವತ್ತೇ. ಇವರೂ ಹೆದರಿದ್ದಾರೆ ಎಂದು ಗೊತ್ತಾದಾಗ ನನಗೆ ನಿಜವಾಗಿಯೂ ಅಳು ಬಂತು.

ಶನಿವಾರ ಮಿಸ್ ಬಂದವರು ಕೂರಲೇ ಇಲ್ಲ. ಆಟೋ ಹಿಡಿಯಿರಿ, ವೈಯಾಲಿಕಾವಲ್‌ಗೆ ಹೋಗಿ ಬರೋಣ ಎಂದರು. ಅಲ್ಲಿ ಹೋಗಿ ಏನು ಹೇಳುವುದು, ಅವನು ಹೊರಗೆ ಹಾಕಿದರೆ ಎಂದು ನಾನು ಬಡಬಡಿಸಿದೆ. ಮಿಸ್ ಹೇಳಿದ್ದು ಇಷ್ಟೇ.

"ಭಯ ಆಗ್ಲಿ ಬಿಡಿ ಗಿರಿಜಾ. ನಂಗೂ ಆಗ್ತಿದೆ. ಆಟೋದಲ್ಲಿ ಕೂತ್ಕೊಂಡೇ ಭಯ ಪಡ್ಬಹುದಲ್ಲ."

ಮಲ್ಲೇಶ್ವರದ ಟ್ರಾಫಿಕ್ಕಿನಲ್ಲಿ ಆಟೋ ನಿಂತಾಗ ಇಳಿದು ವಾಪಸ್ ಓಡಿಬಿಡೋಣ ಎನಿಸಿತು.

ಬಾಗಿಲು ತೆಗೆದದ್ದು ಇಂಚರಾ. ಕೈ ಒದ್ದೆಯಾಗಿತ್ತು, ಫ್ರಾಕಿನ ಮುಂಭಾಗವೂ ಒದ್ದೆ. ನಾನು ದಿನವೂ ಎರಡು ಜಡೆ ಹೆಣೆಯುತ್ತಿದ್ದ ಕೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿಬಿಟ್ಟಿದ್ದರು. ನನ್ನನ್ನು ನೋಡಿದಳು, ಓಡಿ ಬರಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಒಳಗೆ ಹೋಗಿ ಎರಡು ಲೋಟ ನೀರು ತಂದು ನಮ್ಮ ಮುಂದಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಗೋಡೆ ಪಕ್ಕ ನಿಂತಳು. ನನ್ನ ತಂಗಿಯ ಮಗಳು ನನಗೆ ಕೆಲಸದವಳ ಹಾಗೆ ನೀರು ತಂದಿಟ್ಟಳು. ಆ ಲೋಟವನ್ನು ನಾನು ಮುಟ್ಟಲಿಲ್ಲ.

ಚಿಕ್ಕಪ್ಪ ಮನೆಯಲ್ಲಿರಲಿಲ್ಲ. ಅವನ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು, ಹೇನಾಗಿತ್ತು ಅದಕ್ಕೇ ಕೂದಲು ಕತ್ತರಿಸಿದ್ದು ಎಂದು ನಾನು ಕೇಳುವ ಮೊದಲೇ ಹೇಳಿದಳು. ಹಜಾರದ ದಿವಾನದ ಮೇಲೆ ಅಜ್ಜಿ ಕೂತಿದ್ದರು. ಮಂಡಿ ನೋವೊಂದು ಬಿಟ್ಟರೆ ಅವರಿಗೆ ಬೇರೆ ಕಾಯಿಲೆ ಇದ್ದಂತೆ ಕಾಣಲಿಲ್ಲ. ಹಣೆ ತುಂಬ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ. ಮಿಸ್ ಅವರಿಗೆ ಕೈ ಮುಗಿದು, ನಾನು ಇಂಚರಾಗೆ ಪಾಠ ಹೇಳುವ ಮೇಡಂ, ನಡುವೆ ನಿಂತುಹೋಗಿದ್ದನ್ನು ಓದಿ ಹೋಗೋಣ ಎಂದು ಬಂದೆ ಎಂದರು. ಮನೆ ಹುಡುಕಿಕೊಂಡು ಬಂದ ಟೀಚರನ್ನು ಬೇಡ ಎಂದು ಕಳಿಸುವವರು ಯಾರು. ಅಜ್ಜಿ ಪುಸ್ತಕದ ಮೇಲಿನ ಗಣಪತಿಯನ್ನು ನೋಡಿ, ಪುರಾಣ ಏನಮ್ಮ ಎಂದು ಕೇಳಿದರು. ಹೂಂ ಅಂಥದ್ದೇ, ಒಂದು ತಬ್ಬಲಿ ಹುಡುಗನದ್ದು ಎಂದರು ಮಿಸ್.

ಓದಲು ಶುರು ಮಾಡಿದರು. ಹುಡುಗ ಯಾರು, ಹೇಗೆ ತಬ್ಬಲಿಯಾದ, ಯಾರ ಕೈಗೆ ಸಿಕ್ಕ ಎಂದು ಅಜ್ಜಿಗಾಗಿ ಮೊದಲಿಂದ ಚುಟುಕಾಗಿ ಹೇಳಿದರು. ಅಜ್ಜಿ ಕಿವಿ ಮುಂದೆ ಮಾಡಿ ಕೂತರು. ಚಿಕ್ಕಮ್ಮನೂ ಬಾಗಿಲಿಂದ ಈಚೆ ಬಂದಳು. ಅಷ್ಟರಲ್ಲಿ ಹೊರಗೆ ಬೈಕಿನ ಸದ್ದು ಕೇಳಿತು. ಅವನು ಬಾಗಿಲಲ್ಲಿ ಬಂದು ನಿಂತ, ನಮ್ಮಿಬ್ಬರನ್ನೂ ನೋಡಿದ, ಈ ಸಲ ನಗಲಿಲ್ಲ. ಏನೋ ಹೇಳಲು ಬಾಯಿ ತೆರೆದ. ಅಜ್ಜಿ ತಲೆ ಎತ್ತದೆ, ಓದ್ತಾ ಇದಾರೆ, ಕೂತ್ಕೋ ಎಂದರು. ತಾಯಿ ಪುರಾಣಕ್ಕೆ ಕೂತಿರುವಾಗ ಅಡ್ಡ ಬಂದು ಅಭ್ಯಾಸವಿಲ್ಲದ ಮಗ ಹೆಲ್ಮೆಟ್ ಮಡಿಲಲ್ಲಿಟ್ಟುಕೊಂಡು ಕುರ್ಚಿಯ ತುದಿಯಲ್ಲಿ ಕೂತ.

ಮಿಸ್ ದನಿ ಒಂದೇ ಸಮನಾಗಿತ್ತು. ಆದರೆ ಅವರ ಪಕ್ಕದಲ್ಲಿ ಕೂತಿದ್ದ ನನಗೆ ಪುಸ್ತಕದ ಕೆಳಗೆ ಅವರು ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದದ್ದು ಕಾಣುತ್ತಿತ್ತು. ಕತ್ತಲು, ಮಂಜು, ಕಳ್ಳರ ಕೈಯಲ್ಲಿ ಕಂದೀಲು. ಹುಡುಗ ಬೇಡ ಬೇಡ ಎಂದು ಕಾಲಿಗೆ ಬೀಳುತ್ತಾನೆ. ಅವನನ್ನು ಎತ್ತಿ ಒಳಗೆ ತಳ್ಳುತ್ತಾರೆ. ಒಳಗಿನವರಿಗೆ ಎಚ್ಚರವಾಗುತ್ತದೆ. ಅಲ್ಲಿಗೆ ಬಂದು ಮಿಸ್ ಗುರುತಿನ ಕಡ್ಡಿಯನ್ನೂ ಇಡದೆ ಪುಸ್ತಕವನ್ನು ಮುಚ್ಚಿಬಿಟ್ಟರು.

ಅಜ್ಜಿಯೇ ಮೊದಲು ಮಾತಾಡಿದ್ದು.

"ಅಲ್ಲಿ ನಿಲ್ಲಿಸ್ಬಾರ್ದಮ್ಮ."

"ಗೊತ್ತು ತಾಯಿ," ಎಂದರು ಮಿಸ್.

"ಆ ಮಗು ಗತಿ ಏನು ಹಾಗಿದ್ರೆ? ಮುಂದಕ್ಕೆ ಓದಿ."

"ಮುಂದಕ್ಕೆ ಇಲ್ಲಿ ಓದಲ್ಲ. ಇವಳು ಮನೆಗೆ ಬರ್ಲಿ, ಅಲ್ಲಿ ಓದ್ತೀನಿ. ಬರ್ದೇ ಇದ್ರೆ ಈ ಪುಸ್ತಕ ನಾನು ಮತ್ತೆ ತೆಗೆಯೋದೇ ಇಲ್ಲ."

ಚಿಕ್ಕಪ್ಪ ಎದ್ದು ನಿಂತ. ಇದೇನು ನಾಟಕ ಎಂದ, ಇದು ನಮ್ಮ ಮನೆ ಮಗು ಎಂದ, ಮೊದಲು ಎದ್ದು ಹೊರಡಿ ಎಂದ. ನಾನು ನಿಜವಾಗಿಯೂ ಎದ್ದುಬಿಟ್ಟೆ. ಮಿಸ್ ಏಳಲಿಲ್ಲ. ಅವರು ಅವನನ್ನು ನೋಡುತ್ತಲೂ ಇರಲಿಲ್ಲ, ಅಜ್ಜಿಯನ್ನೇ ನೋಡುತ್ತಿದ್ದರು. ಅಜ್ಜಿ ಗೋಡೆ ಪಕ್ಕ ನಿಂತಿದ್ದ ಮೊಮ್ಮಗಳನ್ನು ನೋಡಿದರು. ಆ ಕತ್ತರಿಸಿದ ಕೂದಲನ್ನು, ಒದ್ದೆ ಕೈಗಳನ್ನು ಅವರು ಅಷ್ಟು ದಿನವೂ ನೋಡಿರಬೇಕು. ಆದರೆ ನೋಡುವುದರಲ್ಲೂ ವ್ಯತ್ಯಾಸವಿರುತ್ತದೆ. ಇಲ್ಲಿ ಬಾ ಎಂದು ಕರೆದು, ಅವಳ ಅಂಗೈ ಹಿಡಿದು, ತಿರುಗಿಸಿ ನೋಡಿ, ಸೋಪಿನ ನೀರಿಗೆ ಬೆರಳೆಲ್ಲ ಬಿಳಚಿಕೊಂಡಿದ್ದನ್ನು ಬಹಳ ಹೊತ್ತು ಸವರಿದರು. ಆಮೇಲೆ ಮಗನಿಗೆ ಹೇಳಿದರು.

"ಇವಳ ಬಟ್ಟೆ ತಂದ್ಕೊಡು."

ಅವನು ಏನೇನೋ ಹೇಳಿದ. ಅಜ್ಜಿ ಅದೇ ಮಾತನ್ನು ಇನ್ನೊಮ್ಮೆ, ದನಿ ಏರಿಸದೆ ಹೇಳಿದರು. ಕೊನೆಗೆ ಚಿಕ್ಕಮ್ಮನೇ ಒಳಗೆ ಹೋಗಿ ಒಂದು ಕವರ್ ತಂದಿಟ್ಟಳು.

ವಾಪಸ್ ಬರುವಾಗ ಆಟೋದಲ್ಲಿ ಇಂಚರಾ ನಮ್ಮಿಬ್ಬರ ನಡುವೆ ಕೂತಿದ್ದಳು. ಹಿಂದಿನಿಂದ ಯಾವ ಬೈಕು ಬಂದರೂ ನಾನು ತಿರುಗಿ ನೋಡುತ್ತಿದ್ದೆ. ಮಿಸ್ ಬೆವರಿ ತೊಯ್ದಿದ್ದರು. ಸೀರೆಯ ಗಂಜಿಯೆಲ್ಲ ಇಳಿದು ಅವರು ಇದ್ದಕ್ಕಿದ್ದಂತೆ ಮುದುಕಿಯಾದ ಹಾಗೆ ಕಾಣುತ್ತಿದ್ದರು. ಆಗ ಅವರು ತಾವಾಗಿಯೇ ಹೇಳಿದರು. ತಾಯಿ ತೀರಿಕೊಂಡ ಮೇಲೆ ಅವರನ್ನು ಒಂದು ಮಠದ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಬಿಟ್ಟರಂತೆ. ಸೋದರಮಾವ ಒಮ್ಮೆ ನೋಡಲು ಬಂದವನು, ಯುಗಾದಿಗೆ ಬಂದು ಮನೆಗೆ ಕರೆದುಕೊಂಡು ಹೋಗುತ್ತೇನೆ, ಬಟ್ಟೆ ಕಟ್ಟಿಟ್ಟುಕೊಂಡಿರು ಎಂದನಂತೆ. ಅವರು ಟ್ರಂಕಿನಲ್ಲಿ ಎಲ್ಲ ತುಂಬಿ ಬಾಗಿಲ ಹತ್ತಿರ ಇಟ್ಟುಕೊಂಡು ಕೂತರಂತೆ. ಇಂಚರಾ ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದಳು.

"ಆಮೇಲೆ ಯಾರು ಬಂದ್ರು, ಮಿಸ್?"

"ಯಾರೂ ಬರ್ಲಿಲ್ಲ ಕಣೆ," ಎಂದು ಹೊರಗೆ ನೋಡತೊಡಗಿದರು.

ಅವತ್ತು ಮನೆಗೆ ಬಂದು ಕಾಫಿಯನ್ನೂ ಕುಡಿಯದೆ ಮಿಸ್ ಪುಸ್ತಕ ತೆಗೆದರು. ಹುಡುಗನಿಗೆ ಏಟು ಬಿದ್ದಿತ್ತು, ರಕ್ತ ಹೋಗಿತ್ತು, ಕೊನೆಗೆ ಯಾರೋ ಪುಣ್ಯಾತ್ಮರು ಒಳಗೆ ಕರೆದು ಹಾಸಿಗೆ ಮೇಲೆ ಮಲಗಿಸಿದರು. ಅಲ್ಲಿಗೆ ನಿಲ್ಲಿಸಿದರು. ಯಜಮಾನರು ಮಾರನೆಯ ದಿನವೇ ವಕೀಲರೊಬ್ಬರ ಹತ್ತಿರ ಹೋದರು. ಕೋರ್ಟಿಗೆ ಅಲೆದದ್ದು ಬಹಳ ಕಾಲ, ಆ ಕಾಲವೆಲ್ಲ ನಾನು ಬೈಕಿನ ಸದ್ದಿಗೆ ಬೆಚ್ಚುತ್ತಲೇ ಕಳೆದೆ. ಕೊನೆಗೆ ಅಜ್ಜಿ ಆಟೋದಲ್ಲಿ ಬಂದು, ಊರುಗೋಲು ಹಿಡಿದು ನಿಂತು, ಮಗು ಅಲ್ಲೇ ಇರಲಿ, ಮನೆಯೂ ಅವಳು ದೊಡ್ಡವಳಾಗುವ ತನಕ ಅವಳ ಹೆಸರಿನಲ್ಲೇ ಇರಲಿ ಎಂದು ಜಡ್ಜ್ ಮುಂದೆ ಹೇಳಿದ ಮೇಲೆ ಮುಗಿಯಿತು. ಕಾದಂಬರಿ ಮಾತ್ರ ಅದಕ್ಕಿಂತ ಎಷ್ಟೋ ಮೊದಲೇ ಮುಗಿದಿತ್ತು. ಮಿಸ್ ಅದಕ್ಕೆ ಪುರಾಣದ ಮಂಗಳದ ಹಾಗೆಯೇ ಬಾಳೆಹಣ್ಣು, ಸಕ್ಕರೆ ಹಂಚಿಸಿದರು. ತಮ್ಮ ಪಾಲಿನ ಹಣ್ಣನ್ನು ಸೆರಗಿನ ಮರೆಯಲ್ಲಿ ಹಿಡಿದುಕೊಂಡು ತಿಂದರು.

ಹೋದ ತಿಂಗಳು ಮಿಸ್ ಅವರ ಹೃದಯ ನಿದ್ದೆಯಲ್ಲೇ ನಿಂತಿತು. ಬೆಳಿಗ್ಗೆ ಹಾಲಿನವನು ಬಾಗಿಲು ಬಡಿದು ನಮ್ಮನ್ನು ಕರೆದ. ಸ್ಕೂಲಿನ ಹಳೆಯ ವಿದ್ಯಾರ್ಥಿಗಳು ಎಲ್ಲೆಲ್ಲಿಂದಲೋ ಬಂದರು, ಕಾಟನ್‌ಪೇಟೆಯ ವ್ಯಾಪಾರಿಗಳೇ ಎಷ್ಟೊಂದು ಜನ. ಹೆಗಲು ಕೊಡಲು ನಾ ಮುಂದು ತಾ ಮುಂದು ಎಂದರು. ರುದ್ರಭೂಮಿಯಲ್ಲಿ ಸಮಾಧಿಯೊಳಗೆ ಕೂರಿಸಿ, ಬಿಲ್ವಪತ್ರೆ, ವಿಭೂತಿ ಎಲ್ಲ ಆದ ಮೇಲೆ ಕ್ರಿಯೆ ಮಾಡಿಸುತ್ತಿದ್ದ ಅಯ್ನೋರು ತಲೆ ಎತ್ತಿ, ಮೊದಲ ಹಿಡಿ ಮಣ್ಣು ಮನೆಯವರು ಹಾಕಬೇಕು, ಇವರ ಮನೆಯವರು ಯಾರಿದ್ದೀರಿ ಎಂದು ಕೇಳಿದರು.

ಅಷ್ಟು ಜನ ಇದ್ದೆವು, ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮನೆಯವರು ಎನ್ನಿಸಿಕೊಳ್ಳಲು ಯಾರೂ ಇರಲಿಲ್ಲ. ಮಿಸ್ ಇಲ್ಲೂ ಕಾದುಕೊಂಡೇ ಕೂರಬೇಕಾ ಎಂದು ನನಗೆ ಭಯವಾಯಿತು. ಆಗ ನನ್ನ ಪಕ್ಕದಿಂದ ಇಂಚರಾ ಮುಂದೆ ಹೋದಳು. ಈಗ ಹೈಸ್ಕೂಲು ಅವಳು, ನನ್ನ ಎತ್ತರಕ್ಕೆ ಬೆಳೆದಿದ್ದಾಳೆ, ಸೊಂಟದವರೆಗೆ ಜಡೆ. ಬಗ್ಗಿ ಎರಡೂ ಕೈ ತುಂಬ ಮಣ್ಣು ತೆಗೆದುಕೊಂಡಳು. ಅಯ್ನೋರು ಮೃದುವಾಗಿಯೇ ಕೇಳಿದರು, ಇವರು ನಿನಗೆ ಏನಾಗಬೇಕಮ್ಮ ಎಂದು.

"ನನ್ನ ಕರ್ಕೊಂಡು ಹೋಗೋಕೆ ಬಂದಿದ್ರು," ಎಂದಳು.

ಅಯ್ನೋರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು.